ಖಾಲಿ ಚೌಕಕ್ಕೆ ಎಷ್ಟು ಅರ್ಥ? ಲ್ಯಾಟಿಸ್ ಕೋಡ್ ಕೈಕೊಟ್ಟಾಗ ದೋಷ ಹುಡುಕುವ ದಾರಿ

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇಡುವ ರೂಢಿ ಇದೆ. ಬೆಳಗ್ಗೆ ಎದ್ದು ಮಳೆಮಾಪಕದ ನೀರು ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಮನೆಯಲ್ಲಿ ಅಪ್ಪ ಬರೆಯುತ್ತಾರೆ. ಒಂದು ಮಳೆಗಾಲದಲ್ಲಿ ಆ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾ ಕೂತಿದ್ದೆ. 2018ರ ಆಗಸ್ಟ್ ಪುಟದಲ್ಲಿ ಐದಾರು ಚೌಕ ಖಾಲಿ ಇತ್ತು.

"ಅಪ್ಪಾ, ಇಲ್ಲಿ ಸೊನ್ನೆ ಹಾಕಲಾ?"

"ಸೊನ್ನೆ ಹೇಗೆ ಹಾಕ್ತೀಯ ಮಾರಾಯ? ಗುಡ್ಡ ಕುಸಿದ ವಾರ ಅದು. ನಾವು ಮನೆಯಲ್ಲೇ ಇರ್ಲಿಲ್ಲ. ಅಳೆದವರು ಯಾರು?"

ಅದೇ ಪುಸ್ತಕದ ಕೊನೆಯಲ್ಲಿ, ಇನ್ನೂ ಬಾರದ ದಿನಗಳ ಚೌಕಗಳೂ ಖಾಲಿ. ಬೇಸಿಗೆಯಲ್ಲಿ ಮಳೆಯೇ ಬಾರದ ದಿನ ಅಪ್ಪ ಏನೂ ಬರೆಯುವುದಿಲ್ಲ, ಅದೂ ಖಾಲಿ. ಮಳೆ ಇಲ್ಲ, ದಿನ ಇನ್ನೂ ಬಂದಿಲ್ಲ, ಮಳೆ ಬಂತು ಆದರೆ ಅಳೆದಿಲ್ಲ: ಮೂರಕ್ಕೂ ಒಂದೇ ಗುರುತು. ಅಪ್ಪನ ತಲೆಯಲ್ಲಿ ಮೂರೂ ಬೇರೆ ಬೇರೆ. ಪ್ರೋಗ್ರಾಂಗೆ ಆ ತಲೆ ಇಲ್ಲ.

ನಾನು ಕೆಲಸ ಮಾಡುವುದು ಪ್ರೋಗ್ರಾಂ ವಿಶ್ಲೇಷಣೆಯ ಮೇಲೆ. ಪ್ರೋಗ್ರಾಂ ಓಡಿಸದೆಯೇ "ಈ ಸಾಲಿನಲ್ಲಿ ಈ ವೇರಿಯೇಬಲ್‌ನ ಬೆಲೆ ಇಷ್ಟರಿಂದ ಇಷ್ಟರೊಳಗೆ ಇರುತ್ತದೆ" ಎಂದು ಹೇಳುವ ಕೋಡ್ ಬರೆಯುವುದು. ಅದಕ್ಕೆ ಲ್ಯಾಟಿಸ್ ಬೇಕು, ಅಂದರೆ ಯಾವುದು ಯಾವುದರ ಒಳಗಿದೆ ಎಂಬ ಕ್ರಮದಲ್ಲಿ ಅಡಿಯಿಂದ ತುದಿಗೆ ಜೋಡಿಸಿಟ್ಟ ಬೆಲೆಗಳು. ಅಡಿಯಲ್ಲಿ ಬಾಟಮ್: ಇಲ್ಲಿಗೆ ಯಾವ ಬೆಲೆಯೂ ಬಂದಿಲ್ಲ. ತುದಿಯಲ್ಲಿ ಟಾಪ್: ಯಾವ ಬೆಲೆ ಬೇಕಾದರೂ ಇರಬಹುದು. ನಡುವೆ [0, 10] ಥರದ ವ್ಯಾಪ್ತಿಗಳು. ಎರಡು ದಾರಿ ಸೇರುವ ಕಡೆ ಎರಡನ್ನೂ ಒಳಗೊಳ್ಳುವ ಅತಿ ಚಿಕ್ಕ ವ್ಯಾಪ್ತಿ ತೆಗೆಯುವುದಕ್ಕೆ ಜಾಯಿನ್ ಅನ್ನುತ್ತೇವೆ. ಬೆಲೆಗಳು ಬದಲಾಗುವುದು ನಿಲ್ಲುವ ತನಕ ಸುತ್ತು ಹಾಕುತ್ತೇವೆ. ಪ್ಯಾಟ್ರಿಕ್ ಕೂಸೊ, ರಾದಿಯಾ ಕೂಸೊ ದಂಪತಿ 1977ರಲ್ಲಿ ಕಟ್ಟಿಕೊಟ್ಟ ಚೌಕಟ್ಟು ಇದು.

ಚೌಕಟ್ಟು ಗಟ್ಟಿಯಾಗಿದೆ. ನಾನು ಕಂಡ ದೋಷಗಳಲ್ಲಿ ಜಾಸ್ತಿ ಪಾಲು ಮಳೆ ಪುಸ್ತಕದ ಆ ಖಾಲಿ ಚೌಕದ ಜಾತಿಯವೇ. ಮಳೆ ಇಲ್ಲದ ದಿನ ಅಂದರೆ [0, 0]. ಬಾರದ ದಿನ ಅಂದರೆ ಬಾಟಮ್. ಅಳೆಯದ ದಿನ ಅಂದರೆ ಟಾಪ್. ಮೆಮೊರಿಯಲ್ಲಿ ಇವು ಬೇರೆ ಬೇರೆಯಾಗಿ ಕೂತಿವೆಯಾ ಅಂತ ಮೊದಲು ನೋಡಿ. ಪ್ರಮೇಯದ ಮೇಲೆ ಅನುಮಾನ ಪಡುವುದು ಆಮೇಲೆ.

ಕೆಳಗಿನ ಉದಾಹರಣೆಗಳು ಒಂದು ಸಣ್ಣ ಸ್ವಯಂಚಾಲಿತ ಮಳೆಮಾಪಕದ ಪ್ರೋಗ್ರಾಂನವು. ಒಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದಾಗಲೆಲ್ಲ 0.2 ಮಿಲಿಮೀಟರ್ ಮಳೆ ಎಂದು ಲೆಕ್ಕ. ಪ್ರೋಗ್ರಾಂ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತದೆ, ಹಾಗಾಗಿ ಪ್ರತಿ ಸಲ "ಒಟ್ಟು"ಗೆ 2 ಕೂಡುತ್ತದೆ. ಬೋರ್ಡ್ ಆರ್ಡುಯಿನೊ ಉನೊ R3, ಅದರಲ್ಲಿ ಇಂಟ್ (ಪೂರ್ಣ ಸಂಖ್ಯೆ) ಅಂದರೆ 16 ಬಿಟ್.

## ವಿಶ್ಲೇಷಣೆ ಮುಗಿಯುವುದೇ ಇಲ್ಲ, ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿದೆ

ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವ ಲಕ್ಷಣ ಇದೇ. ಅಲ್ಗಾರಿದಂ ಬದಲಿಸಲು ಹೋಗಬೇಡಿ. ಖರ್ಚಿಲ್ಲದ ಒಂದು ಕೆಲಸ ಮಾಡಿ: ಪ್ರತಿ ಬ್ಲಾಕಿಗೆ (ಕವಲಿಲ್ಲದೆ ಒಟ್ಟಿಗೆ ಓಡುವ ಸಾಲುಗಳ ಗುಂಪಿಗೆ) ಎಷ್ಟನೇ ಸಲ ಬಂದೆವು, ಹಳೆಯ ಬೆಲೆ ಏನು, ಹೊಸ ಬೆಲೆ ಏನು, ಒಂದು ಸಾಲು ಪ್ರಿಂಟ್ ಮಾಡಿಸಿ. ಮೂವತ್ತು ಸಾಲು ಓದಿದರೆ ಸಾಕು. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಚಿತ್ರ ಕಾಣುತ್ತದೆ.

ಒಂದು ಸಲ ನನಗೆ ಸಿಕ್ಕಿದ್ದು ಹೀಗಿತ್ತು:

ಬ್ಲಾಕ್ 3, ಸಲ 41: ಹಳೆಯದು [1, 0], ಹೊಸದು [5, 3], ಬದಲಾಯಿತೇ: ಹೌದು
ಬ್ಲಾಕ್ 3, ಸಲ 42: ಹಳೆಯದು [5, 3], ಹೊಸದು [1, 0], ಬದಲಾಯಿತೇ: ಹೌದು

[1, 0] ಅಂದರೆ ಏನು? ಕೆಳಗಿನ ಅಂಚು ಮೇಲಿನದಕ್ಕಿಂತ ದೊಡ್ಡದು, ಅಂದರೆ ಒಳಗೆ ಏನೂ ಇಲ್ಲ, ಬಾಟಮ್. [5, 3] ಕೂಡ ಬಾಟಮ್. ಅರ್ಥ ಒಂದೇ, ರೂಪ ಎರಡು. ಕಂಪ್ಯೂಟರ್ ರೂಪ ನೋಡಿ "ಬದಲಾಗಿದೆ" ಅಂದುಕೊಂಡು ಇನ್ನೊಂದು ಸುತ್ತು ಹಾಕುತ್ತದೆ. ಪರಿಹಾರ ಸುಲಭ: ವ್ಯಾಪ್ತಿ ಹುಟ್ಟುವ ಜಾಗ ಒಂದೇ ಇರಲಿ. ಆ ಫಂಕ್ಷನ್ ಒಳಗೆ, ಕೆಳ ಅಂಚು ಮೇಲಿನದಕ್ಕಿಂತ ದೊಡ್ಡದಾದರೆ ಬಾಟಮ್ ಎಂಬ ಒಂದೇ ಬೆಲೆ ವಾಪಸ್ ಕೊಡಿ. ಟಾಪ್‌ಗೂ ಇದೇ ಕಾಯಿಲೆ ಇದೆ. 16 ಬಿಟ್ಟಿನಲ್ಲಿ [-32768, 32767] ಅಂದರೂ ಟಾಪ್ ಅಂದರೂ ಒಂದೇ. ಎರಡನ್ನೂ ಇಟ್ಟುಕೊಂಡರೆ ಒಂದಲ್ಲ ಒಂದು ದಿನ ಪೆಟ್ಟು ತಿನ್ನುತ್ತೀರಿ.

ಹಳೆಯದೂ ಹೊಸದೂ ಅಕ್ಷರಶಃ ಒಂದೇ ಥರ ಪ್ರಿಂಟ್ ಆಗುತ್ತಿದ್ದು, ಆದರೂ "ಬದಲಾಗಿದೆ" ಅನ್ನುತ್ತಿದ್ದರೆ? ಹೋಲಿಕೆ ಬೆಲೆಯ ಮೇಲೆ ನಡೆಯುತ್ತಿಲ್ಲ, ವಸ್ತುವಿನ ವಿಳಾಸದ ಮೇಲೆ ನಡೆಯುತ್ತಿದೆ. ಜಾವಾದಲ್ಲಿ ಎರಡು ಸಮ ಚಿಹ್ನೆ ಹಾಕಿ ಬಿಟ್ಟವರಿಗೆ ಇದು ಚಿರಪರಿಚಿತ.

ಬೆಲೆ ಎರಡರ ನಡುವೆ ಜೀಕುತ್ತಿದ್ದರೆ, ಒಮ್ಮೆ [0, 0], ಒಮ್ಮೆ [7, 7], ಮತ್ತೆ [0, 0], ನಿಮ್ಮ ಕೋಡ್ ಜಾಯಿನ್ ಮಾಡುತ್ತಿಲ್ಲ. ಕೊನೆಗೆ ಬಂದ ದಾರಿಯ ಬೆಲೆಯನ್ನು ಹಳೆಯದರ ಮೇಲೆ ಬರೆಯುತ್ತಿದೆ.

ನಾಲ್ಕನೆಯದು ಮೆಟ್ಟಿಲು: [0, 2], [0, 4], [0, 6]. ಇದು ಕೊನೆಗೆ ಮುಗಿಯಲೂಬಹುದು, ಆದರೆ ನಮ್ಮ "ಒಟ್ಟು" 32766 ತಲುಪಲು 16,383 ಸುತ್ತು ಬೇಕು. ಇಲ್ಲಿ ಬೇಕಾದ್ದು ವೈಡನಿಂಗ್: ಅಂಚು ಏರುತ್ತಿದೆ ಅಂತ ಕಂಡ ತಕ್ಷಣ ಅದನ್ನು ಒಂದೇ ಜಿಗಿತಕ್ಕೆ ಕೊನೆಗೆ ಕಳಿಸುವುದು. "ವೈಡನಿಂಗ್ ಹಾಕಿದ್ದೀನಿ, ಆದರೂ ಏರ್ತಿದೆ" ಅನ್ನುವವರು ಆರ್ಗ್ಯುಮೆಂಟ್‌ಗಳ ಕ್ರಮ ನೋಡಿ. ಹಳೆಯದು ಮೊದಲು, ಹೊಸದು ಆಮೇಲೆ. ಹಳೆಯದು [0, 0], ಹೊಸದು [0, 2] ಎಂದು ಕೊಟ್ಟರೆ ಮೇಲಿನ ಅಂಚು ಬೆಳೆದದ್ದು ಗೊತ್ತಾಗಿ ಜಿಗಿಯುತ್ತದೆ. ತಿರುಗಿಸಿ ಕೊಟ್ಟರೆ ಏನೂ ಬೆಳೆದಂತೆ ಕಾಣುವುದಿಲ್ಲ, ಸುಮ್ನೆ [0, 2] ವಾಪಸ್ ಬರುತ್ತದೆ. ಜಾಯಿನ್‌ನಲ್ಲಿ ಕ್ರಮ ಹೇಗಿದ್ದರೂ ನಡೆಯುತ್ತದೆ, ವೈಡನಿಂಗ್‌ನಲ್ಲಿ ನಡೆಯುವುದಿಲ್ಲ. ನನ್ನ ಎರಡು ದಿನ ನುಂಗಿದ ತಪ್ಪು ಇದು.

ಎಚ್ಚರಿಕೆ: ಬೇಸತ್ತು ನಡುವೆ ನಿಲ್ಲಿಸಿದರೆ, ಅಥವಾ ನಮ್ಮ ಕಡೆ ಆಗುವ ಹಾಗೆ ಮಳೆಗೆ ಕರೆಂಟ್ ಹೋಗಿ ಅದೇ ನಿಂತರೆ, ಅಲ್ಲಿಯ ತನಕ ಬಂದ ಬೆಲೆಗಳನ್ನು ಉತ್ತರ ಎಂದು ಬಳಸಬೇಡಿ. ಬಾಟಮ್‌ನಿಂದ ಹತ್ತುವ ವಿಶ್ಲೇಷಣೆ ಅರ್ಧದಲ್ಲಿ ನಿಂತರೆ, ನಿಜವಾಗಿ ಬರಬಹುದಾದ ಬೆಲೆಗಳು ಇನ್ನೂ ಹೊರಗೆ ಉಳಿದಿರುತ್ತವೆ. ಸುತ್ತಿನ ಮಿತಿ ಇಡುವುದಾದರೆ, ಮಿತಿ ಮುಟ್ಟಿದಾಗ ಎಲ್ಲವನ್ನೂ ಟಾಪ್ ಮಾಡಿ, ಇಲ್ಲವೇ ದೋಷದ ಸಂದೇಶ ಕೊಟ್ಟು ನಿಲ್ಲಿಸಿ. ಇದೊಂದರಲ್ಲಿ ರಾಜಿ ಬೇಡ.

## ಎಲ್ಲ ಕಡೆ "ಏನು ಬೇಕಾದರೂ ಇರಬಹುದು"

ಉತ್ತರ ತಪ್ಪಲ್ಲ, ಉಪಯೋಗವೂ ಇಲ್ಲ. ಮೊದಲು ಮೂರು ಸಾಲಿನ ಪ್ರೋಗ್ರಾಂ ಬರೆದು ಕೊಡಿ: ಒಂದು ವೇರಿಯೇಬಲ್‌ಗೆ 5, ಇನ್ನೊಂದಕ್ಕೆ ಅದರ ಮೇಲೆ 1, ಮೂರನೇ ಸಾಲಿನಲ್ಲಿ ಪ್ರಿಂಟ್. [6, 6] ಬರಬೇಕು. ಬರದಿದ್ದರೆ, ಒಂದು ಸಾಲು ಬೆಲೆಗಳನ್ನು ಹೇಗೆ ಬದಲಿಸುತ್ತದೆ ಎಂದು ಲೆಕ್ಕ ಹಾಕುವ ಟ್ರಾನ್ಸ್‌ಫರ್ ಫಂಕ್ಷನ್‌ನಲ್ಲೇ ತಪ್ಪಿದೆ.

ಅದು ಬಂದರೆ ಒಂದು "ಇಫ್" ಸೇರಿಸಿ. ಇಲ್ಲಿ ಹಾಳಾದರೆ ಬಹುತೇಕ ಖಾಲಿ ಚೌಕದ್ದೇ ಕಥೆ. ಪ್ರತಿ ಬ್ಲಾಕಿನ ಬೆಲೆಗಳನ್ನು ಹೆಸರಿಗೆ ಬೆಲೆ ಜೋಡಿಸಿದ ಒಂದು ಮ್ಯಾಪ್‌ನಲ್ಲಿ ಇಟ್ಟಿರುತ್ತೀರಿ. ವೇರಿಯೇಬಲ್ ಮ್ಯಾಪ್‌ನಲ್ಲಿ ಇಲ್ಲದಿದ್ದರೆ ಏನು ಅರ್ಥ? ಒಂದು ಫಂಕ್ಷನ್ ಬರೆದವರು ಟಾಪ್ ಅಂದುಕೊಂಡಿರುತ್ತಾರೆ, ಇನ್ನೊಂದು ಬರೆದವರು ಬಾಟಮ್ ಅಂದುಕೊಂಡಿರುತ್ತಾರೆ. ಇಬ್ಬರೂ ಒಬ್ಬರೇ ಆಗಿರುತ್ತಾರೆ, ವಾರದ ಅಂತರದಲ್ಲಿ. ಇನ್ನೂ ಭೇಟಿ ಕೊಡದ ದಾರಿಯ ಬೆಲೆ ಕೇಳಿದಾಗ ಟಾಪ್ ಬಂದರೆ, ಜಾಯಿನ್ ಟಾಪ್ ಆಗುತ್ತದೆ. ಹತ್ತುವ ವಿಶ್ಲೇಷಣೆ ಒಮ್ಮೆ ಟಾಪ್ ಮುಟ್ಟಿದರೆ ಕೆಳಗಿಳಿಯುವುದಿಲ್ಲ.

ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನಲ್ ಎಂಬ ಖಾಲಿ ಗುರುತನ್ನು ಲ್ಯಾಟಿಸ್ ಬೆಲೆಯಾಗಿ ಬಳಸಲೇಬಾರದು. ಬಾಟಮ್, ವ್ಯಾಪ್ತಿ, ಟಾಪ್ ಮೂರಕ್ಕೂ ಹೆಸರಿರುವ ಮೂರು ರೂಪ ಮಾಡಿ. ಬ್ಲಾಕಿಗೇ ಭೇಟಿ ಕೊಟ್ಟಿಲ್ಲ ಅನ್ನುವುದನ್ನು ಇಡೀ ಬ್ಲಾಕಿನ ಸ್ಥಿತಿಯಲ್ಲಿ ಬೇರೆಯಾಗಿ ಬರೆಯಿರಿ. ಹಾಗೆ ಮಾಡಿದರೆ ಭೇಟಿ ಕೊಟ್ಟ ಬ್ಲಾಕಿನ ಮ್ಯಾಪ್‌ನಲ್ಲಿ ಹೆಸರು ಇಲ್ಲ ಅಂದರೆ ಟಾಪ್ ಎಂಬ ಒಂದೇ ಅರ್ಥ ಉಳಿಯುತ್ತದೆ. ನಾಲ್ಕು ಸಾಲು ಜಾಸ್ತಿ ಆಗಬಹುದು, ಆಗಲಿ.

ಲೂಪ್ ದಾಟಿದ ಮೇಲೆ ಮಾತ್ರ ಟಾಪ್ ಆಗುತ್ತಿದ್ದರೆ ಅದು ವೈಡನಿಂಗ್‌ಗೆ ನಾವು ತೆರುವ ದಂಡ. "ಎಣಿಕೆ 100ಕ್ಕಿಂತ ಕಡಿಮೆ ಇರುವ ತನಕ 1 ಕೂಡು" ಎಂಬ ಲೂಪಿನಲ್ಲಿ ಮೇಲಿನ ಅಂಚು ಜಿಗಿದು ಹೋಗುತ್ತದೆ. ಬೆಲೆಗಳು ನಿಂತ ಮೇಲೆ ನ್ಯಾರೋಯಿಂಗ್ ಎಂಬ ಇನ್ನೊಂದು ಸುತ್ತು ಹಾಕಿ: ಷರತ್ತು [0, 99]ಕ್ಕೆ ಕತ್ತರಿಸುತ್ತದೆ, 1 ಕೂಡಿದರೆ [1, 100], ಶುರುವಿನ 0 ಸೇರಿದರೆ [0, 100]. ಜೊತೆಗೆ ವೈಡನಿಂಗ್ ಅನ್ನು ಲೂಪಿನ ತಲೆಯಲ್ಲಿ ಮಾತ್ರ ಹಾಕಿ, ಎಲ್ಲ ಬ್ಲಾಕಿನಲ್ಲೂ ಅಲ್ಲ.

ಇಷ್ಟಾದರೂ ಎರಡು ವೇರಿಯೇಬಲ್‌ಗಳ ನಡುವಿನ ಸಂಬಂಧ, "ಇದು ಯಾವಾಗಲೂ ಅದಕ್ಕಿಂತ ಕಡಿಮೆ" ಎಂಬಂಥದ್ದು, ಗೊತ್ತಾಗುತ್ತಿಲ್ಲ ಅಂದರೆ ಅದು ದೋಷವಲ್ಲ. ವ್ಯಾಪ್ತಿಗಳಿಗೆ ಆ ಶಕ್ತಿಯೇ ಇಲ್ಲ. ಅದಕ್ಕೆ ಆಂಟ್ವಾನ್ ಮಿನೆ ಅವರ ಆಕ್ಟಗನ್ ಥರದ ಬೇರೆ ಲ್ಯಾಟಿಸ್ ಬೇಕು.

## ಓಡುವ ಕೋಡನ್ನೇ "ಇಲ್ಲಿಗೆ ಯಾರೂ ಬರುವುದಿಲ್ಲ" ಅನ್ನುತ್ತಿದೆ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು, ಯಾಕಂದ್ರೆ ಸದ್ದಿಲ್ಲ. ಎಚ್ಚರಿಕೆಗಳು ಕಡಿಮೆಯಾಗಿ ಎಲ್ಲರಿಗೂ ಖುಷಿಯಾಗುತ್ತದೆ. ನಾನು ಮಾತ್ರ ಎಚ್ಚರಿಕೆಗಳು ಒಮ್ಮೆಗೇ ಇಳಿದ ದಿನ ಹೆಚ್ಚು ಗಾಬರಿಯಾಗುತ್ತೇನೆ.

ಅಗ್ಗದ ಪರೀಕ್ಷೆ ಮೊದಲು. ಲ್ಯಾಟಿಸ್ ಫೈಲಿನ ಮೊದಲ ಸಾಲಿನಲ್ಲಿ ಟಾಪ್ ಅಂದರೆ ಏನು, ಬಾಟಮ್ ಅಂದರೆ ಏನು ಅಂತ ಬರೆದಿದೆಯಾ? ಇಲ್ಲಿ ಎರಡು ಮನೆತನಗಳಿವೆ. ಕೂಸೊ ದಾರಿಯಲ್ಲಿ ಬಾಟಮ್ ಅಂದರೆ ಏನೂ ಬಂದಿಲ್ಲ. ಕಂಪೈಲರ್ ದಾರಿಯಲ್ಲಿ, ಉದಾಹರಣೆಗೆ ವೆಗ್ಮನ್ ಮತ್ತು ಝಾಡೆಕ್ 1991ರಲ್ಲಿ ಪ್ರಕಟಿಸಿದ ಸ್ಥಿರಾಂಕ ಹುಡುಕುವ ವಿಧಾನದಲ್ಲಿ, ಟಾಪ್ ಅಂದರೆ ಇನ್ನೂ ಏನೂ ಗೊತ್ತಾಗಿಲ್ಲ, ಬಾಟಮ್ ಅಂದರೆ ಸ್ಥಿರಾಂಕ ಅಲ್ಲ. ಚಿತ್ರ ಪೂರ್ತಿ ತಲೆಕೆಳಗು. ಎರಡೂ ಸರಿ. ಆದರೆ ಅರ್ಧ ಕೋಡ್ ಒಂದು ಲೈಬ್ರರಿಯಿಂದ, ಅರ್ಧ ಇನ್ನೊಂದು ಪುಸ್ತಕದಿಂದ ಬಂದರೆ "ಏನು ಬೇಕಾದರೂ ಇರಬಹುದು" ಎಂಬ ಜಾಗದಲ್ಲಿ "ಏನೂ ಇಲ್ಲ" ಕೂರುತ್ತದೆ. ಹಾಗಾಗಿ ನಾನು ಕೋಡಿನಲ್ಲಿ ಟಾಪ್, ಬಾಟಮ್ ಪದಗಳನ್ನೇ ಬಿಟ್ಟು "ಏನೂ ಬಂದಿಲ್ಲ", "ಏನಾದರೂ ಇರಬಹುದು" ಎಂಬ ಅರ್ಥದ ಹೆಸರಿಡುತ್ತೇನೆ.

ಎರಡನೆಯದು, ಹೊರಗಿನಿಂದ ಬರುವ ಬೆಲೆಗಳು. ಫಂಕ್ಷನ್‌ಗೆ ಬರುವ ಆರ್ಗ್ಯುಮೆಂಟ್, ಸೆನ್ಸರ್ ಓದು, ಇವು ಶುರುವಾಗಬೇಕಾದ್ದು ಟಾಪ್‌ನಿಂದ, ಬಾಟಮ್‌ನಿಂದ ಅಲ್ಲ. 10 ಬಿಟ್ ಅನಲಾಗ್ ಓದು ಎಂದು ಖಚಿತ ಇದ್ದರೆ [0, 1023] ಕೊಡಬಹುದು. ಬಾಟಮ್ ಕೊಟ್ಟರೆ ಅಲ್ಲಿಂದ ಮುಂದಿನ ಕೋಡೆಲ್ಲ ಸತ್ತಂತೆ ಕಾಣುತ್ತದೆ.

ಮೂರನೆಯದು "ಎಲ್ಸ್" ಕವಲು. ಬೆಲೆ [0, 10], ಷರತ್ತು "5ಕ್ಕೆ ಸಮ". ಎಲ್ಸ್ ಕಡೆ ಏನು ಉಳಿಯುತ್ತದೆ? ನಡುವಿನ 5 ಒಂದನ್ನೇ ತೆಗೆಯಲು ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ [0, 10] ಹಾಗೇ ಉಳಿಯಬೇಕು. ಬೆಲೆ [5, 5] ಇದ್ದಾಗ ಮಾತ್ರ ಎಲ್ಸ್ ಬಾಟಮ್. ಇದನ್ನು ಅವಸರದಲ್ಲಿ ಬರೆದವರು ಎರಡೂ ಸಲ ಬಾಟಮ್ ಕೊಟ್ಟಿದ್ದು ನೋಡಿದ್ದೇನೆ.

ನಾಲ್ಕನೆಯದಕ್ಕೆ ನಮ್ಮ ಮಳೆಯೇ ಉದಾಹರಣೆ. "ಒಟ್ಟು"ಗೆ 2, 2 ಎಂದು ಕೂಡುತ್ತಾ ಹೋದರೆ 32766 ತನಕ ಸರಿ. ಅಂದರೆ 3276.6 ಮಿಲಿಮೀಟರ್, ಅಪ್ಪನ ಲೆಕ್ಕದಲ್ಲಿ ಸುಮಾರು 129 ಇಂಚು. ಬಯಲುಸೀಮೆಯಲ್ಲಿ ಈ ಪ್ರೋಗ್ರಾಂ ವರ್ಷಗಟ್ಟಲೆ ಓಡಿದರೂ ತೊಂದರೆ ಕಾಣುವುದಿಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಜೋರು ಮಳೆಯ ಒಂದೇ ವರ್ಷ ಸಾಕು. ಮುಂದಿನ ಬಕೆಟ್ ಮಗುಚಿದಾಗ ನಮ್ಮ ಬೋರ್ಡಿನಲ್ಲಿ ಒಟ್ಟು -32768 ಆಯಿತು. ವಿಶ್ಲೇಷಣೆಯಾದರೂ ಇದನ್ನು ಹಿಡಿಯಬೇಕಿತ್ತು ಅಲ್ವಾ? ಹಿಡಿಯಲಿಲ್ಲ. ಯಾಕಂದ್ರೆ ಅದರ ಅಂಚುಗಳು ನನ್ನ ಲ್ಯಾಪ್‌ಟಾಪಿನ 64 ಬಿಟ್ ಸಂಖ್ಯೆಗಳು. ಅದು ನೆಮ್ಮದಿಯಾಗಿ ಒಟ್ಟು ಯಾವಾಗಲೂ ಸೊನ್ನೆ ಅಥವಾ ಜಾಸ್ತಿ ಅಂದುಕೊಂಡು, "ಒಟ್ಟು ಸೊನ್ನೆಗಿಂತ ಕಡಿಮೆಯಾದರೆ ದೋಷ ತೋರಿಸು" ಎಂಬ ಕಾವಲಿನ ಸಾಲನ್ನೇ ಸತ್ತ ಕೋಡ್ ಅಂದಿತು.

ಪ್ರತಿ ಕೂಡುವಿಕೆಯ ನಂತರ ಅಂಚು ಗುರಿ ಯಂತ್ರದ ಮಿತಿಯೊಳಗೆ ಇದೆಯಾ ನೋಡಿ. ದಾಟಿದರೆ ಬೆಲೆಯನ್ನು ಟಾಪ್ ಮಾಡಿ, ಎಚ್ಚರಿಕೆಯನ್ನೂ ಕೊಡಿ. ಚಿಹ್ನೆ ಇರುವ ಇಂಟ್ ಮಿತಿ ಮೀರಿದರೆ ಏನಾಗಬೇಕು ಅಂತ ಸಿ ಭಾಷೆ ಹೇಳುವುದೇ ಇಲ್ಲ, ಹಾಗಾಗಿ ಎಚ್ಚರಿಕೆ ಬಿಡುವಂತಿಲ್ಲ. "ಮಿತಿ ಇಲ್ಲ" ಎಂಬುದಕ್ಕೆ ದೊಡ್ಡ ಸಂಖ್ಯೆಯೊಂದನ್ನು ಗುರುತಾಗಿ ಇಡಬೇಡಿ. ಅದಕ್ಕೆ 1 ಕೂಡಿದಾಗ ಏನಾಗುತ್ತದೆ ಅಂತ ಯೋಚಿಸಿ ನೋಡಿ.

ಎಚ್ಚರಿಕೆ: ಈ ಲಕ್ಷಣ ಕಂಡರೆ ಆ ವಿಶ್ಲೇಷಣೆಯ ಆಧಾರದ ಮೇಲೆ ತೆಗೆದ ಕಾವಲು ಸಾಲುಗಳನ್ನೆಲ್ಲ ಮೊದಲು ವಾಪಸ್ ಹಾಕಿ. ಹುಡುಕಾಟ ಆಮೇಲೆ. ಮೋಟರಿಗೋ ಮಳೆಯ ಎಚ್ಚರಿಕೆ ಗಂಟೆಗೋ ಜೋಡಿಸಿದ ಬೋರ್ಡಿಗೆ ಅದೇ ದಿನ ಹೊಸ ಪ್ರೋಗ್ರಾಂ ಏರಿಸಬೇಡಿ.

## ನಿನ್ನೆ ಒಂದು ಉತ್ತರ, ಇವತ್ತು ಇನ್ನೊಂದು

ವೈಡನಿಂಗ್ ಆಫ್ ಮಾಡಿ, ಮಟ್ಟಗಳು ಕಡಿಮೆ ಇರುವ ಸಣ್ಣ ಲ್ಯಾಟಿಸ್‌ನಲ್ಲಿ ಓಡಿಸಿ. ಫಂಕ್ಷನ್‌ಗಳು ಮೊನೊಟೋನ್ ಆಗಿದ್ದರೆ, ಅಂದರೆ ಒಳಗೆ ಹೋಗುವುದು ದೊಡ್ಡದಾದಾಗ ಹೊರಗೆ ಬರುವುದು ಚಿಕ್ಕದಾಗದಿದ್ದರೆ, ಬ್ಲಾಕುಗಳನ್ನು ಯಾವ ಕ್ರಮದಲ್ಲಿ ನೋಡಿದರೂ ಒಂದೇ ಉತ್ತರ ಬರಬೇಕು. ವೈಡನಿಂಗ್ ಇದ್ದಾಗ ಮಾತ್ರ ವ್ಯತ್ಯಾಸ ಬರುತ್ತಿದ್ದರೆ ಭಯ ಬೇಡ, ಕ್ರಮ ಬದಲಾದರೆ ಅದು ಸಹಜ. ವರ್ಕ್‌ಲಿಸ್ಟ್‌ಗೆ (ಇನ್ನೂ ನೋಡಬೇಕಾದ ಬ್ಲಾಕುಗಳ ಪಟ್ಟಿಗೆ) ಒಂದು ನಿಗದಿ ಕ್ರಮ ಕೊಟ್ಟರೆ ಉತ್ತರ ನಿಲ್ಲುತ್ತದೆ.

ಆಫ್ ಮಾಡಿದ ಮೇಲೂ ಬದಲಾಗುತ್ತಿದ್ದರೆ, ಜಾಯಿನ್ ತನಗೆ ಕೊಟ್ಟ ಬೆಲೆಯನ್ನೇ ತಿದ್ದುತ್ತಿದೆಯಾ ನೋಡಿ. ಕರೆಯುವ ಮೊದಲು ಎರಡು ಆರ್ಗ್ಯುಮೆಂಟ್‌ಗಳ ನಕಲು ತೆಗೆದಿಡಿ, ಆಮೇಲೆ ಹೋಲಿಸಿ. ಒಮ್ಮೆ ನನ್ನ ಕೋಡಿನಲ್ಲಿ ಬಾಟಮ್ ಎಂಬ ಒಂದೇ ವಸ್ತುವನ್ನು ಎಲ್ಲ ಬ್ಲಾಕುಗಳೂ ಹಂಚಿಕೊಂಡಿದ್ದವು. ಯಾವುದೋ ಒಂದು ಬ್ಲಾಕ್ ಅದರೊಳಗೆ [0, 4] ಬರೆದುಬಿಟ್ಟಿತು. ಅವತ್ತಿನಿಂದ ಇಡೀ ಪ್ರೋಗ್ರಾಂಗೆ "ಏನೂ ಇಲ್ಲ" ಅಂದರೆ ಸೊನ್ನೆಯಿಂದ ನಾಲ್ಕು. ಲ್ಯಾಟಿಸ್ ಬೆಲೆಗಳು ಹುಟ್ಟಿದ ಮೇಲೆ ಬದಲಾಗದಂತೆ ಬೀಗ ಹಾಕಿ. ವೇಗ ಕಡಿಮೆಯಾದರೆ ಆಮೇಲೆ ನೋಡಿಕೊಳ್ಳೋಣ.

## ಲಕ್ಷಣ ಏನೂ ಇಲ್ಲ, ಆದರೂ ನಂಬಿಕೆ ಬರುತ್ತಿಲ್ಲ

ಆಗ ಪೂರ್ತಿ ಪರೀಕ್ಷೆ. ಸಂಖ್ಯೆಗಳನ್ನು -3ರಿಂದ 3ಕ್ಕೆ ಕುಗ್ಗಿಸಿ. ಆಗ ಇರುವುದು 28 ವ್ಯಾಪ್ತಿ, ಬಾಟಮ್ ಸೇರಿ 29 ಬೆಲೆ. ಎಲ್ಲ ಜೋಡಿಗಳು 841, ಮೂರರ ಗುಂಪುಗಳು 24,389. ಒಂದನ್ನೂ ಬಿಡದೆ ಪರೀಕ್ಷಿಸಿ, ಲೋಟದ ಕಾಫಿ ಆರುವ ಮೊದಲೇ ಮುಗಿಯುತ್ತದೆ. ಜಾಯಿನ್ ಕ್ರಮ ತಿರುಗಿಸಿದರೂ ಒಂದೇ ಇರಬೇಕು. ತನ್ನ ಜೊತೆ ತಾನೇ ಸೇರಿದರೆ ತಾನೇ ಬರಬೇಕು. ಬಾಟಮ್ ಸೇರಿಸಿದರೆ ಏನೂ ಬದಲಾಗಬಾರದು. ಮೂರು ಬೆಲೆಗಳನ್ನು ಹೇಗೆ ಗುಂಪು ಮಾಡಿದರೂ ಒಂದೇ ಬರಬೇಕು. ಮೊದಲನೆಯದು ಎರಡನೆಯದರ ಒಳಗಿದೆ ಅಂದಾಗ ಜಾಯಿನ್ ಎರಡನೆಯದೇ ಆಗಬೇಕು, ಜಾಯಿನ್ ಎರಡನೆಯದೇ ಆದರೆ ಒಳಗಿದೆ ಎಂದೂ ಹೇಳಬೇಕು. ಈ ಕೊನೆಯದರಲ್ಲಿ ಬೀಳುವವರು ಜಾಸ್ತಿ. [0, 3] ಮತ್ತು [2, 5] ಯಾವುದೂ ಯಾವುದರ ಒಳಗೂ ಇಲ್ಲ. "ಚಿಕ್ಕದಲ್ಲ ಅಂದರೆ ದೊಡ್ಡದು" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆಮೇಲೆ ಪ್ರತಿ ಟ್ರಾನ್ಸ್‌ಫರ್ ಫಂಕ್ಷನ್‌ಗೆ: ವ್ಯಾಪ್ತಿಯೊಳಗಿನ ಒಂದೊಂದು ನಿಜ ಸಂಖ್ಯೆಯನ್ನೂ ಕೊಟ್ಟು, ನಿಜ ಉತ್ತರ ಲ್ಯಾಟಿಸ್ ಉತ್ತರದೊಳಗೆ ಬಿತ್ತಾ ನೋಡಿ. ಗುಣಾಕಾರದ ಮೈನಸ್, ಸೊನ್ನೆ ಒಳಗಿರುವ ಭಾಗಾಕಾರ, ಬಾಟಮ್‌ಗೆ 1 ಕೂಡಿದಾಗ ಬಾಟಮ್ಮೇ ಬರಬೇಕೆಂಬುದು, ಎಲ್ಲ ಇಲ್ಲಿ ಸಿಕ್ಕಿಬೀಳುತ್ತವೆ.

## ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಮೇಲಿನ ಪರೀಕ್ಷೆ ಪೂರ್ತಿ ಪಾಸಾಗಿ, ಆದರೂ ವಿಶ್ಲೇಷಣೆ ನಿಲ್ಲದಿದ್ದರೆ ತೊಂದರೆ ಬೆಲೆಗಳ ರೂಪದಲ್ಲಿಲ್ಲ, ಅವನ್ನು ಓಡಿಸುವ ಎಂಜಿನ್‌ನಲ್ಲಿದೆ. ಎರಡು ಲ್ಯಾಟಿಸ್‌ಗಳನ್ನು ಜೋಡಿಸಿ ಒಂದರ ಮಾಹಿತಿಯಿಂದ ಇನ್ನೊಂದನ್ನು ಕುಗ್ಗಿಸುತ್ತಿದ್ದರೆ, ಆ ಕುಗ್ಗಿಸುವ ಹೆಜ್ಜೆ ವೈಡನಿಂಗ್‌ನ ಕೆಲಸವನ್ನೇ ಕೆಡಿಸಬಹುದು. ಅಲ್ಲಿಂದ ಮುಂದೆ ಒಬ್ಬರೇ ಗುದ್ದಾಡಬೇಡಿ. ಫಂಕ್ಷನ್ ಕರೆಗಳ ಆಚೆ ಈಚೆ ವಿಶ್ಲೇಷಣೆ, ಪಾಯಿಂಟರ್‌ಗಳು, ದಶಮಾಂಶದ ಫ್ಲೋಟ್ ಸಂಖ್ಯೆಗಳು ಬಂದಾಗಲೂ ಅಷ್ಟೇ. ಫ್ಲೋಟ್‌ನಲ್ಲಿ ಅಂಚುಗಳನ್ನು ಯಾವ ಕಡೆಗೆ ರೌಂಡ್ ಮಾಡಬೇಕೆಂಬುದು ಗೊತ್ತಿದ್ದವರ ಕಣ್ಣು ಬೇಕೇ ಬೇಕು.

ಕೇಳುವಾಗ ಇಡೀ ಕೋಡ್ ಕಳಿಸಬೇಡಿ. ದೋಷ ಉಳಿಯುವಷ್ಟರ ಮಟ್ಟಿಗೆ ಕಡಿದ ಹತ್ತು ಸಾಲಿನ ಪ್ರೋಗ್ರಾಂ, ಬ್ಲಾಕಿನ ಹಳೆಯ ಬೆಲೆ, ಹೊಸ ಬೆಲೆ, ನೀವು ನಿರೀಕ್ಷಿಸಿದ ಬೆಲೆ, ಇಷ್ಟು ಸಾಕು. ಜೊತೆಗೆ ಮೊದಲ ಸಾಲಿನಲ್ಲೇ ನಿಮ್ಮ ಟಾಪ್ ಯಾವ ಮನೆತನದ ಟಾಪ್ ಎಂದು ಬರೆಯಿರಿ. ನನ್ನ ಮಳೆ ಪುಸ್ತಕದ ಫೈಲಿನಲ್ಲಿ ಈಗ 2018ರ ಆಗಸ್ಟಿನ ಆ ಚೌಕಗಳಲ್ಲಿ "ಅಳೆದಿಲ್ಲ" ಎಂದಿದೆ. ಅಪ್ಪ ಪಕ್ಕದಲ್ಲಿ ಕೂತು ಒಂದೊಂದು ದಿನವನ್ನೂ ನೋಡಿ ಹೇಳಿದರು.